ಬಿಕ್ಕೋಡು ಜಯಮ್ಮನ ಹಳೆಯ ಪೋಸ್ಟು

ಮೊನ್ನೆ ಭಾನುವಾರ ಕಣಕಟ್ಟೆಗೆ ಹೋಗಿ ಗಂಗಣ್ಣನ ಮನೆಯ ಅಟ್ಟ ಹತ್ತಿದೆ. ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ತಲೆ ಒಳಗೆ ಹಾಕುತ್ತಿದ್ದ ಹಾಗೆ ಆ ವಾಸನೆ ಬಂತು. ಒಣಗಿದ ಮಟ್ಟೆ, ಧೂಳು, ಕೆಳಗಿನ ಒಲೆಯ ಹೊಗೆ, ಚಿಪ್ಪಿನೊಳಗೇ ಕೊಬ್ಬರಿಯಾದ ಕಾಯಿಯ ಸಿಹಿ, ಜೊತೆಗೆ ಎಲ್ಲೋ ಮೂಲೆಯಲ್ಲಿ ಕೊಳೆತ ಒಂದೆರಡು ಕಾಯಿಯ ಹುಳಿ. ಅರಸೀಕೆರೆ ಕಡೆಯವರಿಗೆ ಈ ವಾಸನೆ ಹೊಸದಲ್ಲ. ನಮ್ಮ ತೋಟ ನೋಡಿಕೊಳ್ಳುವವರು ಗಂಗಣ್ಣನೇ. ನಾವು ಪೇಟೆಯಲ್ಲಿ ಬಾಡಿಗೆ ಮನೆಯವರು, ನಮಗೆ ಅಟ್ಟವಿಲ್ಲ. ನಮ್ಮ ಕಾಯಿ ಒಣಗುವುದೂ ಅವರ ಅಟ್ಟದಲ್ಲೇ.

ಗಂಗಣ್ಣ ರಾಶಿಯಿಂದ ಒಂದು ಕಾಯಿ ಎತ್ತಿ ಕೈಗೆ ಕೊಟ್ಟರು. "ಅಲ್ಲಾಡ್ಸಿ ನೋಡಿ ಸುಮಿತ್ರಮ್ಮ."

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಡಲೊಡ ಎಂದಿತು. ಆ ಸದ್ದಿಗೆ ಹೋದ ವರ್ಷದ ಮಳೆಗಾಲ ಪೂರ್ತಿ ನೆನಪಾಯಿತು. ಆ ಮಳೆಗಾಲದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಬರೆದಿಡಬೇಕು ಅಂತ ಅವತ್ತಿನಿಂದಲೂ ಅಂದುಕೊಳ್ಳುತ್ತಿದ್ದೆ. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾಗಿ ಇಪ್ಪತ್ತಾರು ವರ್ಷ ಕಳೆದವಳಿಗೆ ಮುಂದೂಡುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಅದಕ್ಕೆ ಮೊದಲು ಹಳೆಯ ಗ್ರೂಪಿನ ವಿಷಯ ಹೇಳಬೇಕು. ಹತ್ತು ವರ್ಷದ ಹಿಂದೆ, ಎಲ್ಲರೂ ತಮ್ಮ ಫೋಟೋ ಹಾಕಿಕೊಳ್ಳುವ ಒಂದು ದೊಡ್ಡ ಜಾಲತಾಣದಲ್ಲಿ ನಾನು "ತೆಂಗಿನ ನೆರಳು" ಅಂತ ಒಂದು ಗ್ರೂಪು ಶುರು ಮಾಡಿದೆ. ನಮ್ಮ ಮಾವನವರು ತೀರಿಕೊಂಡು ತೋಟ ನಮ್ಮ ತಲೆಗೆ ಬಂದಿತ್ತು. ಗಂಡ ರೈಲ್ವೆ ನೌಕರಿ, ನನಗೆ ಆಫೀಸು. ಮರದ ಕಾಂಡದಿಂದ ಕಂದು ನೀರು ಸೋರುತ್ತಿದ್ದರೆ ಯಾರನ್ನು ಕೇಳುವುದು? ಕೇಳಿದರೆ ನೂರು ಜನ ಉತ್ತರ ಹೇಳಿದರು. ಕಪ್ಪುತಲೆ ಹುಳುವಿಗೆ ಏನು ಮಾಡಬೇಕು, ಯಾವ ಗೊನೆಯಿಂದ ಬಿತ್ತನೆಕಾಯಿ ಆರಿಸಬೇಕು, ಬುಡದಲ್ಲಿ ಅಣಬೆ ಕಾಣಿಸಿಕೊಂಡರೆ ಪಕ್ಕದ ಮರ ಉಳಿಸುವುದು ಹೇಗೆ, ಎಲ್ಲ ಅಲ್ಲಿತ್ತು. ಜಾವಗಲ್ಲಿನವರು ಕೇಳಿದ್ದಕ್ಕೆ ಹಳೇಬೀಡಿನವರು ಉತ್ತರಿಸುತ್ತಿದ್ದರು. ಗ್ರೂಪಿನ ಅಡ್ಮಿನ್ ನಾನು ಅಂತ ನನಗೆ ಒಳಗೊಳಗೇ ಸ್ವಲ್ಪ ಕೊಬ್ಬೂ ಇತ್ತು.

ಆಮೇಲೆ ಅದು ಕೆಟ್ಟಿತು. ಯಾರೋ ಹುಟ್ಟುಹಬ್ಬದ ಶುಭಾಶಯ ಹಾಕಿದರು, ಯಾರೋ ಪಕ್ಷದ ಜಗಳ ತಂದರು, ಕೂದಲು ಬೆಳೆಯುವ ಎಣ್ಣೆಯ ಜಾಹೀರಾತು ಬಂತು. ಹುಳುವಿನ ಫೋಟೋ ಹಾಕಿದರೆ ಅದಕ್ಕೂ ಶುಭೋದಯ ಅಂತ ಕಾಮೆಂಟು. ಜಾಲತಾಣದವರೂ ಏನೋ ಬದಲಾವಣೆ ಮಾಡಿ, ನಮ್ಮ ಪೋಸ್ಟು ನಮಗೇ ಕಾಣಿಸದಂತಾಯಿತು. ಗಟ್ಟಿ ಜನ ಒಬ್ಬೊಬ್ಬರೇ ಎದ್ದು ಹೋದರು.

ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ದಯಾನಂದ್ ಬೇಲೂರಿನವರು. ಮನೆಯಲ್ಲಿ ದೇವಸ್ಥಾನದ ಸೇವೆ, ಇವರಿಗೆ ಪಾಠದ ಸೇವೆ. ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೆ ಮಾತಿನಲ್ಲಿ ನನಗಿಂತ ದೊಡ್ಡವರು, ಅಂದರೆ ಕಡಿಮೆ ಆಡುತ್ತಾರೆ. ನನ್ನ ಗೋಳು ಕೇಳಿ ಕೇಳಿ ಸಾಕಾಗಿ ಹೋದ ವರ್ಷ ಬೇಸಿಗೆ ರಜೆಯಲ್ಲಿ ಅವರೇ ಒಂದು ಹೊಸ ತಾಣ ಕಟ್ಟಿಕೊಟ್ಟರು. ಜಾಹೀರಾತಿಲ್ಲ, ಶುಭೋದಯವಿಲ್ಲ. "ತೆಂಗಿನ ಜಗಲಿ" ಅಂತ ಹೆಸರಿಟ್ಟರು.

ಜಗಲಿ ಚೆನ್ನಾಗಿತ್ತು. ಆದರೆ ಅಲ್ಲಿ ಕೂರುವವರೇ ಇರಲಿಲ್ಲ. ಜನ ಬರುತ್ತಿದ್ದರು, ಖಾಲಿ ಪುಟ ನೋಡಿ ಹೋಗುತ್ತಿದ್ದರು. ಜೂನ್ ತಿಂಗಳು. ಅರಸೀಕೆರೆಯ ಮೇಲೆ ಮೋಡ ಬರುತ್ತಿತ್ತು, ಮಾಲೇಕಲ್ಲಿನ ಬೆಟ್ಟದ ಮೇಲೆ ಒಂದಿಷ್ಟು ಹೊತ್ತು ಕೂರುತ್ತಿತ್ತು, ನಾಲ್ಕು ಹನಿ ಹಾಕಿ ಮುಂದೆ ಹೋಗುತ್ತಿತ್ತು. ನನಗೆ ತಾಳ್ಮೆ ಕಡಿಮೆ. ಒಂದು ದಿನ ಊಟದ ಹೊತ್ತಿನಲ್ಲಿ ದಯಾನಂದ್ ಅವರಿಗೆ ಹೇಳಿದೆ: "ಹಳೇ ಗ್ರೂಪಲ್ಲಿ ಇರೋದನ್ನೆಲ್ಲ ತಂದು ಇಲ್ಲಿ ಹಾಕಿಬಿಡ್ತೀನಿ ಕಣ್ರೀ."

ಅವರು ಡಬ್ಬಿ ಮುಚ್ಚಿದರು. "ಬರೆದವರನ್ನ ಕೇಳಬೇಕಲ್ವಾ ಮೇಡಂ?"

"ಕೇಳೋದೇನು? ಎಲ್ಲರಿಗೂ ಕಾಣೋ ಹಾಗೆ ಬರೆದಿದ್ದಾರೆ. ಊರ ಬಾವಿ ನೀರದು."

"ಅಲ್ಲಿಯವರಿಗೆ ಅಂತ ಬರೆದಿದ್ದು. ಇಲ್ಲಿ ಓದೋರು ಬೇರೆ."

"ನಾಳೆ ಆ ತಾಣದವರು ಬಾಗಿಲು ಹಾಕಿಕೊಂಡು ಹೋದ್ರೆ ಅಷ್ಟೂ ಹೋಯ್ತು. ಕಾಂಡ ಸೋರೋ ರೋಗದ ಬಗ್ಗೆ ಅಲ್ಲಿರೋವಷ್ಟು ಯಾವ ಪುಸ್ತಕದಲ್ಲಿದೆ ಹೇಳಿ?"

ನಾನು ಹೇಳಿದ್ದರಲ್ಲಿ ನಿಜವಿತ್ತು, ಅದೇ ತೊಂದರೆ. ಅವರು ಡಬ್ಬಿಯನ್ನು ಚೀಲಕ್ಕೆ ಹಾಕುತ್ತಾ, "ಹೋಗಲಿ, ಯಾವಾಗ ಬರೆದದ್ದು ಅನ್ನೋ ತಾರೀಖಾದ್ರೂ ಮೇಲೆ ಹಾಕಿ ಮೇಡಂ" ಅಂದರು. ನಾನು ಅದನ್ನೂ ಹಾಕಲಿಲ್ಲ. ಹಳೆಯದು ಅಂತ ಗೊತ್ತಾದರೆ ಯಾರೂ ಓದುವುದಿಲ್ಲ ಅನ್ನುವುದು ನನ್ನ ಲೆಕ್ಕಾಚಾರ. ತೆಂಗಿನ ಹುಳುವಿಗೆ ತಾರೀಖು ಯಾಕೆ, ಹುಳು ಅದೇ, ಮರ ಅದೇ.

ಆಫೀಸಿನಲ್ಲಿ ಒಂದು ಕಾಗದ ಈ ಮೇಜಿನಿಂದ ಆ ಮೇಜಿಗೆ ಹೋಗಬೇಕಾದರೆ ನಾನು ತಾರೀಖು, ಸಹಿ, ಸೀಲು ಕೇಳುವವಳು. ತಾರೀಖಿಲ್ಲದ ರಜೆ ಚೀಟಿಯನ್ನು ಪ್ರಿನ್ಸಿಪಾಲರಿಗೇ ವಾಪಸು ಕಳಿಸಿದ್ದೇನೆ. ಅಂಥವಳು ಎರಡು ವಾರ ದಿನಾ ಸಂಜೆ ಕೂತು ಹಳೆಯ ಪೋಸ್ಟುಗಳನ್ನು ಎತ್ತಿ ಎತ್ತಿ ಹೊಸ ಜಗಲಿಯಲ್ಲಿ ಹಾಕಿದೆ. ಮೇಲೆ ಬರೆದವರ ಹೆಸರು, ಕೆಳಗೆ ಅವರ ಮಾತು. ವಿಭಾಗ ಮಾಡಿದೆ: ರೋಗ, ಗೊಬ್ಬರ, ನೀರು, ಬಿತ್ತನೆಕಾಯಿ, ಕಾಯಿ ಕೆಡವುವವರು ಬೇಕು. ಮೊದಲ ಸಾಲು ಓದಿ ಯಾವ ವಿಭಾಗ ಅಂತ ತೀರ್ಮಾನಿಸುತ್ತಿದ್ದೆ. ಪೂರ್ತಿ ಓದುವಷ್ಟು ಪುರುಸೊತ್ತು ಇರಲಿಲ್ಲ.

ಫಲ ಕಂಡಿತು. ಜಗಲಿ ತುಂಬಿತು. ತುಂಬಿದ್ದನ್ನು ನೋಡಿ ಹೊಸಬರು ಬಂದರು, ತಮ್ಮ ಪ್ರಶ್ನೆ ಹಾಕಿದರು. ಜುಲೈ ಹೊತ್ತಿಗೆ ಯಾವುದು ನಾನು ತಂದು ಹಾಕಿದ್ದು, ಯಾವುದು ಹೊಸದಾಗಿ ಬಂದದ್ದು ಅಂತ ನನಗೇ ಗೊತ್ತಾಗದಷ್ಟು ಬೆಳೆಯಿತು. ದಯಾನಂದ್ ಎದುರಿಗೆ ಸಿಕ್ಕಾಗಲೆಲ್ಲ ಇವತ್ತು ಎಷ್ಟು ಜನ ಸೇರಿದರು ಅಂತ ಹೇಳಿ ಚುಚ್ಚುತ್ತಿದ್ದೆ. ಅವರು ನಗುತ್ತಿದ್ದರು.

ಜುಲೈ ಮಧ್ಯದಲ್ಲಿ ಒಂದು ಬೆಳಿಗ್ಗೆ ಗಂಗಣ್ಣನ ಫೋನು ಬಂತು. ಹಳೆಯ ಗ್ರೂಪಿನ ಕಾಲದಲ್ಲಿ ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಈಗ ಸೊಸೆ ಮೊಬೈಲಿನಲ್ಲಿ ಜಗಲಿ ತೆಗೆದು ಓದಿ ಹೇಳುತ್ತಾಳೆ, ಇವರು ಹಲ್ಲುಜ್ಜುತ್ತಾ ಕೇಳುತ್ತಾರೆ.

"ಸುಮಿತ್ರಮ್ಮ, ಬಿಕ್ಕೋಡ್ನಾಗೆ ಯಾರೋ ಜಯಮ್ಮ ಅಂತೆ. ಗಂಡ ಮರದಿಂದ ಬಿದ್ದು ಹಾಸನದಾಗೆ ದೊಡ್ಡಾಸ್ಪತ್ರೆ ಸೇರವ್ನೆ. ಆವಮ್ಮ ಕಾಯಿ ಕೆಡವೋರು ಬೇಕು ಅಂತ ಕೇಳವ್ರೆ. ನಂಬರ್ ಹಾಕವ್ರೆ, ಫೋನ್ ಮಾಡಿದ್ರೆ ಹೋಗಾಕಿಲ್ಲ. ಪಾಪ, ಆಸ್ಪತ್ರೇಲಿ ಏನ್ ಪಾಡೋ ಏನೋ. ನಾವು ಸುಮ್ನೆ ಕೂತ್ಕಳದಾ?"

"ಏನು ಮಾಡೋಣ ಗಂಗಣ್ಣ?"

"ಮಾಡೋದೇನು? ನಮ್ ಸಿದ್ದನ್ನೂ ಅವನ ತಮ್ಮನ್ನೂ ಕರ್ಕಂಡು ಹೋಗಿ ಕಾಯಿ ಇಳ್ಸಿ ಬರೋದು. ಜೀಪ್ ಹೇಳಿವ್ನಿ. ನೀವೂ ಬನ್ನಿ, ಹೆಂಗಸ್ರೊಬ್ರು ಇದ್ರೆ ಚೆಂದ."

ತೆಂಗಿನವರಲ್ಲಿ ಇದೊಂದು ಇದೆ. ಮರದಿಂದ ಬಿದ್ದವರು ಅಂದರೆ ಜಾತಿ, ಊರು ಯಾವುದನ್ನೂ ಕೇಳುವುದಿಲ್ಲ. ಬಿದ್ದವರ ತೋಟದ ಆ ಕೊಯ್ಲನ್ನು ಸುತ್ತಲಿನವರು ಕೂಲಿಯಿಲ್ಲದೆ ಇಳಿಸಿಕೊಡುತ್ತಾರೆ. ಕಣಕಟ್ಟೆಯಿಂದ ಬಿಕ್ಕೋಡು ಸುತ್ತಲಿನದಲ್ಲ, ಬೇರೆ ಸೀಮೆ. ಆದರೆ ಗಂಗಣ್ಣನ ಲೆಕ್ಕದಲ್ಲಿ ಜಗಲಿಯಲ್ಲಿ ಕೂತವರೆಲ್ಲ ನೆರೆಯವರೇ. ನನಗೆ ಎದೆ ಉಬ್ಬಿತು. ಹಳೆಯ ಗ್ರೂಪಿನಲ್ಲಿ ಇಂಥದ್ದು ಒಂದು ದಿನವೂ ಆಗಿರಲಿಲ್ಲ. ರಜೆ ಹಾಕಿದೆ. ಆ ಪೋಸ್ಟನ್ನು ತೆಗೆದು ನೋಡಲಿಲ್ಲ. ಗಂಗಣ್ಣ ಹೇಳಿದ ಮೇಲೆ ನೋಡುವುದೇನು ಅಂತ.

ಮಾರನೆಯ ದಿನ ಬೆಳಿಗ್ಗೆಯೇ ಹೊರಟೆವು. ಗಂಗಣ್ಣನ ಸೊಸೆ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು, ಆಸ್ಪತ್ರೆ ಅಲೆಯುವ ಮನೆಯವರಿಗೆ ನಮ್ಮ ಊಟದ ಭಾರ ಹಾಕಬಾರದು ಅಂತ. ಗಂಗಣ್ಣ ಒಂದು ಚೀಲ ಮೂಸಂಬಿ ತಂದಿದ್ದರು. ಕಾಯಿ ಇಳಿಸಿ ಬರುವಾಗ ಹಾಸನದ ಮೇಲೆ ಹೋಗಿ ರೋಗಿಯನ್ನು ಮಾತಾಡಿಸಿಕೊಂಡು ಬರೋಣ ಅಂತ ಅವರ ಯೋಚನೆ. ಸಿದ್ದ, ಅವನ ತಮ್ಮ ಹಿಂದೆ ಹಗ್ಗ ಮಚ್ಚು ಹಿಡಿದು ಕೂತಿದ್ದರು. ಬಾಣಾವರ ದಾಟುವ ತನಕ ಬಿಸಿಲಿತ್ತು. ಜಾವಗಲ್ಲು ಬಿಟ್ಟ ಮೇಲೆ ಗಾಳಿ ತಣ್ಣಗಾಯಿತು. ಹಳೇಬೀಡಿನ ಕೆರೆ ಅಂಚಿನವರೆಗೂ ತುಂಬಿತ್ತು. ದೇವಸ್ಥಾನದ ಮುಂದೆ ಕೊಡೆ ಮಾರುವವರು ಪ್ರವಾಸಿಗಳನ್ನು ಹಿಡಿದು ನಿಲ್ಲಿಸಿಕೊಂಡಿದ್ದರು.

ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ದಯಾನಂದ್ ಹತ್ತಿದರು. ಊರಿಗೆ ಬಂದಿದ್ದರು, ನಾನೇ ಬರಹೇಳಿದ್ದೆ. ನನ್ನ ಗೆಲುವನ್ನು ಅವರು ಕಣ್ಣಾರೆ ನೋಡಲಿ ಅನ್ನುವ ಆಸೆ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ. ಕೂತ ಮೇಲೆ ಅವರು ಮೊಬೈಲು ತೆಗೆದು ಆ ಪೋಸ್ಟನ್ನು ಎರಡು ಸಲ ಓದಿದರು.

"ಮೇಡಂ, ಇದು ನೀವು ಹಾಕಿದ್ದಲ್ವಾ?"

"ಅಲ್ಲಾರೀ, ಹೊಸದು. ಮೊನ್ನೆ ಮೊನ್ನೆ ಬಂದಿರೋದು."

"ನೋಡಿದ್ರಾ?"

"ಗಂಗಣ್ಣನ ಸೊಸೆ ನೋಡಿದ್ದಾಳೆ."

ಅವರು ಮೊಬೈಲು ಜೇಬಿಗಿಟ್ಟುಕೊಂಡರು. ಬಿಕ್ಕೋಡಿನವರೆಗೂ ಮಳೆ. ಎರಡೂ ಕಡೆ ಕಾಫಿ ತೋಟ, ಕೆಂಪು ನೀರು ಹರಿಯುವ ಚರಂಡಿ, ಪ್ಲಾಸ್ಟಿಕ್ ಹೊದ್ದು ಜೀಪಿಗೆ ಕಾಯುತ್ತಾ ನಿಂತ ಕೂಲಿ ಹೆಂಗಸರು. ಅವರಲ್ಲೇ ಒಬ್ಬರನ್ನು ಕೇಳಿದೆವು. "ಕಾಯಿ ಜಯಮ್ಮನಾ? ಎಸ್ಟೇಟ್ ಗೇಟಿನ ಪಕ್ಕದ ದಾರೀಲಿ ಇಳೀರಿ, ಕೆರೆ ಕೆಳಗೆ ಮನೆ" ಅಂದಳು.

ಇಳಿಯುವ ಹೊತ್ತಿಗೆ ಮಳೆ ನಿಂತು ಹೊಳವಾಗಿತ್ತು. ಕೆರೆಯ ಕೆಳಗೆ ಸಾಲಾಗಿ ತೆಂಗಿನ ಮರ, ಪಕ್ಕದಲ್ಲಿ ಸಣ್ಣ ಹೆಂಚಿನ ಮನೆ. ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಕಾಣಲಿಲ್ಲ. ಗಂಗಣ್ಣ "ಯಾರವ್ರೆ ಮನೇಲಿ?" ಅಂತ ಕೂಗಿದರು. ಉತ್ತರ ಮೇಲಿನಿಂದ ಬಂತು.

"ಯಾರ್ ಬೇಕಿತ್ತು? ಅತ್ಲಾಗ್ ನಿಂತ್ಕಳಿ, ಕಾಯಿ ಬೀಳ್ತಾವೆ!"

ತಲೆಯೆತ್ತಿ ನೋಡಿದೆವು. ಮರದ ತುದಿಯಲ್ಲಿ, ಹತ್ತುವ ಯಂತ್ರದ ಮೇಲೆ ಕಾಲೂರಿ ಒಬ್ಬ ಹೆಂಗಸು. ಸೀರೆಯ ಮೇಲೆ ಗಂಡಸರ ತುಂಬು ತೋಳಿನ ಅಂಗಿ, ತಲೆಗೆ ಟವಲು. ನಾವು ಸರಿದು ನಿಂತೆವು. ಎರಡು ಗೊನೆ ಬಿತ್ತು. ಆಮೇಲೆ ಅವರು ಒಂದೊಂದೇ ಹೆಜ್ಜೆ ಯಂತ್ರ ಜಾರಿಸುತ್ತಾ ಇಳಿದು ಬಂದರು. ಸಿದ್ದ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಗಂಗಣ್ಣ ಚೀಲ ಕೈ ಬದಲಾಯಿಸಿದರು. "ನೀವೇನಾ ತಾಯಿ ಜಯಮ್ಮ? ನಾವು ಕಣಕಟ್ಟೆಯಿಂದ ಬಂದಿವಿ. ಯಜಮಾನ್ರು ಈಗ ಹೆಂಗವ್ರೆ?"

ಜಯಮ್ಮ ಟವಲು ಬಿಚ್ಚಿ ಮುಖ ಒರೆಸಿಕೊಂಡರು. ಐವತ್ತರ ಹತ್ತಿರದ ವಯಸ್ಸು. ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದರು.

"ಯಾವ ಯಜಮಾನ್ರು?"

"ನಿಮ್ಮೆಜಮಾನ್ರು. ಮರದಿಂದ ಬಿದ್ದು ಆಸ್ಪತ್ರೆಲವ್ರೆ ಅಂತ..."

"ಅವ್ರು ಹೋಗಿ ಆರು ವರ್ಷ ಆಯ್ತು" ಅಂದರು ಜಯಮ್ಮ. "ಯಾರು ಹೇಳಿದ್ರು ನಿಮ್ಗೆ?"

ಗಂಗಣ್ಣ ನನ್ನ ಕಡೆ ತಿರುಗಿದರು. ದಯಾನಂದ್ ನೆಲ ನೋಡುತ್ತಿದ್ದರು. ನನಗೆ ಆಗ ಗೊತ್ತಾಯಿತು. ಅದನ್ನು ಹಾಕಿದವಳು ನಾನೇ. ಕಾಯಿ ಕೆಡವುವವರು ಬೇಕು ಅನ್ನುವ ವಿಭಾಗದಲ್ಲಿ, ಮೊದಲ ಸಾಲು ಓದಿ, ತಾರೀಖು ಬಿಟ್ಟು.

ಒಳಗೆ ಕರೆದರು. ನಡುಮನೆಯ ಗೋಡೆಯ ಮೇಲೆ ರಂಗಪ್ಪ ಅನ್ನುವ ಹೆಸರು ಬರೆದ ಫೋಟೋ, ಅದಕ್ಕೆ ಗಂಧದ ಹಾರ. ನಾವು ಐದು ಜನ ಚಾಪೆಯ ಮೇಲೆ ಕೂತೆವು. ಜಯಮ್ಮ ಏನೂ ಕೇಳದೆ ಒಲೆಯ ಮೇಲೆ ಕಾಫಿಗೆ ನೀರಿಟ್ಟು ಬಂದು, "ಈಗ ಹೇಳಿ" ಅಂದರು.

ಹೇಳಿದೆ. ಹೇಳುವುದಕ್ಕೆ ಬಹಳ ಇರಲಿಲ್ಲ. ದಯಾನಂದ್ ಮೊಬೈಲಿನಲ್ಲಿ ಆ ಪುಟ ಹಾಗೇ ತೆರೆದಿತ್ತು, ಅದನ್ನು ಅವರ ಕೈಗೆ ಕೊಟ್ಟೆ. ಜಯಮ್ಮ ದೂರ ಹಿಡಿದುಕೊಂಡು, ತುಟಿ ಆಡಿಸುತ್ತಾ ಓದಿದರು.

"ನಾನು ಬಿಕ್ಕೋಡು ಜಯಮ್ಮ. ಕಾಯಿ ಕೆಡವೋರು ಬೇಕಾಗವ್ರೆ. ನಮ್ಮೆಜಮಾನ್ರು ಮರದಿಂದ ಬಿದ್ದು ಹಾಸನದ ದೊಡ್ಡಾಸ್ಪತ್ರೇಲಿ ಅವ್ರೆ. ಇಪ್ಪತ್ತೆಂಟು ಮರದಾಗೆ ಕಾಯಿ ಬಲ್ತು ನಿಂತೈತೆ. ಬಂದೋರಿಗೆ ಊಟ ಹಾಕಿ ಕೂಲಿ ಕೊಡ್ತೀನಿ, ಈ ನಂಬರ್‌ಗೆ ಫೋನ್ ಮಾಡಿ. ಅವ್ರು ಮನೆಗೆ ಬರೋ ಹೊತ್ಗೆ ಕಾಯಿ ಇಳ್ಸಿರಬೇಕು ಅಂತ ಆಸೆ."

ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದು ಆಸ್ಪತ್ರೆ ಮೆಟ್ಲ ಮೇಲೆ ಕೂತ್ಕಂಡು ಬರ್ದಿದ್ದು. ಮಗಳು ಹೇಳ್ಕೊಟ್ಲು. ಅವತ್ತು ಬೆಳಿಗ್ಗೆ ಅವ್ರು ಕಣ್ ಬಿಟ್ಟಿದ್ರು, ಕಾಯಿ ಏನಾಯ್ತು ಅಂತ ಕೇಳಿದ್ರು. ಬದುಕ್ತಾರೆ ಅಂತ್ಲೇ ಬರ್ದಿದ್ದು ನಾನು."

ಅವರು ಮೊಬೈಲು ವಾಪಸು ಕೊಟ್ಟು ನನ್ನನ್ನು ಕೇಳಿದರು, "ನೀವು ಆವಾಗ್ಲೂ ಇದ್ರಾ ಆ ಗ್ರೂಪಲ್ಲಿ?"

"ಇದ್ದೆ."

"ಮತ್ತೆ?"

ಇಷ್ಟು ವರ್ಷದ ಬಾಳಿನಲ್ಲಿ ನನ್ನನ್ನು ಬಹಳ ಜನ ಬಹಳ ಬೈದಿದ್ದಾರೆ. ಯಾವ ಬೈಗುಳವೂ ಆ ಒಂದು ಮಾತಿನಷ್ಟು ನಾಟಿಲ್ಲ. ಆಗ ಇದ್ದೆ, ಆದರೆ ಅವರ ಪೋಸ್ಟನ್ನು ನೋಡಿದ ನೆನಪೂ ಇರಲಿಲ್ಲ. ಆಮೇಲೆ ಅರಸೀಕೆರೆಗೆ ಬಂದು ಹಳೆಯ ಗ್ರೂಪಿನಲ್ಲಿ ಹುಡುಕಿ ತೆಗೆದು ನೋಡಿದೆ. ಅದರ ಕೆಳಗೆ ಕೈ ಮುಗಿದ ಚಿತ್ರಗಳು ಉದ್ದಕ್ಕೂ ಇದ್ದವು. ದೇವರು ಒಳ್ಳೆಯದು ಮಾಡಲಿ ಅಂತ ಕೆಲವರು. ಮೊದಲ ಕೈ ಮುಗಿದ ಚಿತ್ರ ನನ್ನದೇ. ಹತ್ತಲು ಬರುತ್ತೇನೆ ಅಂದವರು ಒಬ್ಬರೂ ಇರಲಿಲ್ಲ.

ಕಾಫಿ ಬಂತು. ಗಂಗಣ್ಣ ಮೂಸಂಬಿ ಚೀಲವನ್ನು ಮಗ್ಗುಲಲ್ಲಿ ಮರೆಮಾಡಿಕೊಂಡು ಕೂತಿದ್ದರು. ಜಯಮ್ಮ ಅದನ್ನು ನೋಡಿ, "ಅವರಿಗೆ ಅಂತ ತಂದ್ರಾ?" ಅಂದರು. ಗಂಗಣ್ಣ ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು.

"ಕೊಡಿ ಇಲ್ಲಿ" ಅಂತ ಇಸಕೊಂಡು, ಸಿಪ್ಪೆ ಸುಲಿದು ಎಲ್ಲರಿಗೂ ಕೊಟ್ಟರು, ತಾವೂ ಒಂದು ತಿಂದರು. ಚಿತ್ರಾನ್ನವನ್ನೂ ಬಿಚ್ಚಿಸಿದರು. ತಿನ್ನುತ್ತಾ ಹೇಳಿದರು: ಗಂಡ ತೀರಿಕೊಂಡ ವರ್ಷ ಕಾಯೆಲ್ಲ ತಾನಾಗಿ ಉದುರಿ ಮೊಳಕೆ ಬಂತು, ಮಾರನೆಯ ವರ್ಷ ಹೆಂಗಸರಿಗೆ ಮರ ಹತ್ತುವ ತರಬೇತಿ ಕೊಡುತ್ತಾರೆ ಅಂತ ಕೇಳಿ ಹೋದರು, ಈಗ ಸುತ್ತಲಿನ ತೋಟಗಳಿಗೂ ಹೋಗುತ್ತಾರೆ. ಮಗಳು ಬೇಲೂರಿನಲ್ಲಿ ನರ್ಸು. ಹಳೆಯ ನಂಬರು ಗಂಡನದು, ಅದನ್ನು ಯಾವತ್ತೋ ಬಿಟ್ಟರು.

"ಅದನ್ನ ತೆಗೆದುಬಿಡ್ತೀನಿ ಜಯಮ್ಮ" ಅಂದೆ.

"ತೆಗೀರಿ. ಈಗ್ಲೇ ತೆಗೀರಿ. ಅದು ಅಲ್ಲಿದ್ರೆ ಇನ್ನೂ ನಾಕ್ ಜನ ಬತ್ತಾರೆ, ಅವರಿಗೂ ನಾನು ಹೇಳ್ಬೇಕು, ಅವ್ರು ಸತ್ತೋದ್ರು ಅಂತ. ಆಗ ಒಂದ್ಸಲ ಊರಿಗೆಲ್ಲ ಹೇಳಿವ್ನಿ. ಸಾಕು."

ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ದಯಾನಂದ್ ಅವರ ಪುಟ ದಾರಿಯಲ್ಲೇ ತೆರೆದದ್ದು. ಎಸ್ಟೇಟಿನ ಗೇಟಿನ ಹತ್ತಿರ ಸಿಗುತ್ತದೆ ಅಂತ ಜಯಮ್ಮ ನಮ್ಮ ಜೊತೆ ಅಲ್ಲಿವರೆಗೂ ನಡೆದು ಬಂದರು. ಅವರ ಎದುರಿಗೇ ನಿಂತು ಅಳಿಸಿದೆ. ಹೋಯಿತಾ ಅಂತ ಎರಡು ಸಲ ನೋಡಿಕೊಂಡರು.

"ಹಳೇ ಗ್ರೂಪಲ್ಲಿ ಇರೋದನ್ನೂ ತೆಗೆದುಬಿಡಲಾ?" ಅಂತ ಕೇಳಿದೆ.

"ಅದು ಇರ್ಲಿ" ಅಂದರು. "ಅಲ್ಲಿಗೆ ಹಾಕಿದ್ದು ನಾನು. ಇಲ್ಲಿಗೆ ತಂದೋರು ನೀವು."

ಮತ್ತೆ ಮಳೆ ಹಿಡಿಯಿತು. ಬೇಲೂರಿನಲ್ಲಿ ಜೀಪು ನಿಂತಿತು. ದಯಾನಂದ್ ಇಳಿಯುವಾಗ ನಾನು "ನೀವು ಅವತ್ತೇ ಹೇಳಿದ್ರಿ" ಅಂದೆ. "ನಾನೂ ಗಟ್ಟಿಯಾಗಿ ಹೇಳಲಿಲ್ಲ ಮೇಡಂ" ಅಂದರು. ಆ ಮನುಷ್ಯನಿಗೆ ಗೆಲ್ಲುವುದಕ್ಕೂ ಬರುವುದಿಲ್ಲ.

ಹಳೇಬೀಡು ದಾಟಿದ ಮೇಲೆ ಗಂಗಣ್ಣ ಬಾಯಿ ಬಿಟ್ಟರು. ಅವರ ಸಿಟ್ಟು ನಿಧಾನಕ್ಕೆ ಬರುತ್ತದೆ.

"ಅಲ್ಲ ಸುಮಿತ್ರಮ್ಮ, ಅಟ್ಟದಾಗಿನ ಕಾಯ್ನ ನಾವು ರಾಶಿಗೆ ರಾಶಿ ಇಳ್ಸಿ ಮೂಟೆ ಕಟ್ತೀವಾ? ಒಂದೊಂದ್ನೂ ಕಿವಿ ತಾವ ಹಿಡ್ದು ಅಲ್ಲಾಡ್ಸಲ್ವಾ? ಉಂಡೆ ಸದ್ದು ಬಂದ್ರೆ ಒಡೆಯೋಕೆ. ಇನ್ನೂ ನೀರ್ ಸದ್ದು ಐತೆ ಅಂದ್ರೆ ವಾಪಸು ಅಟ್ಟಕ್ಕೆ. ಏನೂ ಸದ್ದಿಲ್ಲ ಅಂದ್ರೆ ಒಳಗೆ ಕೊಳ್ತೈತೆ. ನೀವೂ ಮಾಡಿಲ್ವಾ ನಮ್ಮಟ್ಟದಾಗೆ ಕೂತ್ಕಂಡು?"

ಮಾಡಿದ್ದೆ. ಪ್ರತಿ ವರ್ಷ ಮಾಡುತ್ತೇನೆ. ಒಂದು ಕಾಯಿಯನ್ನೂ ಕಿವಿಗಿಡದೆ ಬಿಟ್ಟವಳಲ್ಲ.

ಮಾರನೆಯ ದಿನ ಜಗಲಿಗೆ ನಾನು ತಂದು ಹಾಕಿದ್ದೆಲ್ಲವನ್ನೂ ತೆಗೆದೆ. ಜಗಲಿ ಅರ್ಧಕ್ಕಿಂತ ಹೆಚ್ಚು ಬರಿದಾಯಿತು. ಆಮೇಲೆ ಬರೆದವರ ನಂಬರು ಹುಡುಕಿ ಒಬ್ಬೊಬ್ಬರಿಗೇ ಫೋನು ಮಾಡುತ್ತಾ ಹೋದೆ. ಆಗಸ್ಟು, ಸೆಪ್ಟೆಂಬರು ಎಲ್ಲ ಇದೇ ಕೆಲಸ. ನಿಮ್ಮ ಮಾತನ್ನು ಹೊಸ ಕಡೆ ಹಾಕಲಾ ಅಂತ ಒಂದು ಪ್ರಶ್ನೆ. ಆಮೇಲೆ ಏನಾಯ್ತು ಅಂತ ಇನ್ನೊಂದು. ಎರಡನೆಯದನ್ನು ಕೇಳಬೇಕು ಅಂತ ನನಗೆ ಹೊಳೆದದ್ದೇ ಬಿಕ್ಕೋಡಿನಿಂದ ಬಂದ ಮೇಲೆ.

ಜಾವಗಲ್ಲಿನ ಒಬ್ಬರು, "ಅಯ್ಯೋ, ಆ ಔಷಧಿ ಬರೆದೆ ನಿಜ, ಆದ್ರೆ ಅದನ್ನ ಹಾಕಿ ಮುಂದಿನ ವರ್ಷ ನನ್ನ ಮೂರು ಮರ ಹೋದ್ವು, ಅದು ಬೇಡ" ಅಂದರು. ಆ ಪೋಸ್ಟನ್ನು ನಾನು ಅತ್ಯುತ್ತಮ ಅಂತ ತಲೆಯ ಮೇಲೆ ಕೂರಿಸಿದ್ದೆ. ಒಬ್ಬಾಕೆ ಹಳೆಯ ಜಗಳ ನೆನೆಸಿಕೊಂಡು ಬೈದು ಫೋನಿಟ್ಟರು. ಹಳೇಬೀಡಿನಲ್ಲಿ ನಿವೃತ್ತ ಮೇಷ್ಟರೊಬ್ಬರು ಬಿತ್ತನೆಕಾಯಿಯ ಬಗ್ಗೆ ಬಹಳ ಬರೆದಿದ್ದರು. ಅವರು ತೀರಿಕೊಂಡಿದ್ದರು. ಅವರ ಮಗ, "ಹಾಕಿ ಮೇಡಂ, ಒಂದೂ ಬಿಡದೆ ಹಾಕಿ, ಅಪ್ಪ ಈಗಿಲ್ಲ ಅಂತ ಮೇಲೆ ಬರೀರಿ" ಅಂದು ಅಳುತ್ತಾ ಥ್ಯಾಂಕ್ಸ್ ಹೇಳಿದರು. ಕಾಂಡ ಸೋರುವ ರೋಗದ ಬಗ್ಗೆ ಬರೆದವರೆಲ್ಲ ಒಪ್ಪಿದರು, ಅಷ್ಟೇ ಅಲ್ಲ, ಹಳೆಯದನ್ನು ತಿದ್ದಿ ಹೊಸದಾಗಿ ಬರೆದುಕೊಟ್ಟರು. ಬಹಳ ನಂಬರುಗಳು ಹೋಗಲೇ ಇಲ್ಲ. ಅವರ ಮಾತನ್ನು ಅಲ್ಲೇ ಬಿಟ್ಟೆ. ಆ ತಾಣ ನಾಳೆ ಮುಚ್ಚಿದರೆ ಅವು ಹೋಗುತ್ತವೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಇನ್ನೊಬ್ಬರ ಮನೆಯ ಬಾಗಿಲಿಗೆ ಮೂಸಂಬಿ ಹಿಡಿದು ಹೋಗುವ ಧೈರ್ಯ ನನಗಿಲ್ಲ.

ಹೀಗೆ ಒಂದೊಂದೇ ವಾಪಸು ಬಂದವು, ಮೇಲೆ ತಾರೀಖು, ಕೆಳಗೆ ಆಮೇಲೆ ಏನಾಯ್ತು ಅನ್ನುವ ನಾಲ್ಕು ಸಾಲು. ಮೊದಲಿನಷ್ಟು ಇಲ್ಲ, ಕಾಲು ಭಾಗವೂ ಇಲ್ಲ. ಜನ ಓದುವುದು ಆ ಕೆಳಗಿನ ನಾಲ್ಕು ಸಾಲನ್ನೇ ಅಂತ ದಯಾನಂದ್ ಹೇಳುತ್ತಾರೆ.

ದಸರಾ ಕಳೆದು ಮಳೆ ಹಿಂದೆಗೆದಿತ್ತು. ಸಿದ್ದ ಕಾಲು ಉಳುಕಿಸಿಕೊಂಡು ಕೂತಿದ್ದ, ಅವನ ತಮ್ಮ ಬೇರೆ ಕಡೆ ಒಪ್ಪಿಕೊಂಡಿದ್ದ. ನಮ್ಮ ತೋಟದಲ್ಲಿ ಕಾಯಿ ಬಲಿತು ಉದುರಲು ಶುರುವಾಗಿತ್ತು. ಆ ವಾರ ಜಗಲಿಯಲ್ಲಿ ಒಂದು ಹೊಸ ಪೋಸ್ಟು ಬಂತು. ತಾರೀಖನ್ನು ಅವರೇ ಮೇಲೆ ಹಾಕಿದ್ದರು.

"ನಾನು ಬಿಕ್ಕೋಡು ಜಯಮ್ಮ. ಯಾರ ಮನೇಲಾದ್ರೂ ಮರ ಹತ್ತೋರು ಹುಷಾರಿಲ್ದೆ ಮಲಗಿದ್ರೆ, ಬಿದ್ದಿದ್ರೆ, ನಂಗೆ ಫೋನ್ ಮಾಡಿ. ನಾನು ಬಂದು ಕಾಯಿ ಇಳ್ಸಿ ಕೊಡ್ತೀನಿ. ಇದು ನನ್ನ ಈಗಿನ ನಂಬರ್."

ಅದರ ಕೆಳಗೆ ಆಗಲೇ ಇಬ್ಬರು ಕೈ ಮುಗಿದಿದ್ದರು. ನನ್ನ ಬೆರಳೂ ಅಭ್ಯಾಸಬಲದಿಂದ ಅದೇ ಚಿತ್ರದ ಹತ್ತಿರ ಹೋಯಿತು. ತೆಗೆದೆ. ಫೋನು ಮಾಡಿದೆ.

ಮೊನ್ನೆ ಅಟ್ಟದಲ್ಲಿ ಗಂಗಣ್ಣ ನನ್ನ ಕೈಗೆ ಕೊಟ್ಟದ್ದು ಜಯಮ್ಮ ಇಳಿಸಿದ ಕಾಯಿ. ಅವತ್ತು ಫೋನಿನಲ್ಲಿ ಇದನ್ನೆಲ್ಲ ಯಾರು ಕಂಡಿದ್ದರು? ನಮ್ಮ ಸಿದ್ದನಿಗೆ ಕಾಲು ಉಳುಕಿದೆ, ಕಣಕಟ್ಟೆಯಲ್ಲಿ ನಲವತ್ತು ಮರದ ಕಾಯಿ ನಿಂತಿದೆ, ಬರ್ತೀರಾ ಅಂತ ಒಂದೇ ಉಸಿರಿಗೆ ಹೇಳಿದೆ.

"ಇದು ಈಗಿಂದೇನಾ ಮೇಡಂ?" ಅಂತ ಕೇಳಿದರು ಜಯಮ್ಮ.

"ಇವತ್ತಿಂದು ಕಣಮ್ಮ. ಬೆಳಿಗ್ಗೆ ನಾನೇ ನೋಡಿಕೊಂಡು ಬಂದೆ."

"ಹಂಗಾದ್ರೆ ಬತ್ತೀನಿ."